ಹಗ್ಗ ಕಳಚಿದ ಬೈರಿಗೆ

ಕಾರವಾರದ ಎದುರು ದಡದ ಚಿತ್ತಾಕುಲದ ಚರಿತ್ರೆ ಬರೆಯಲು ಕೂತವರೆಲ್ಲ ಗುಡ್ಡದ ಮೇಲಿನ ಕೋಟೆಯಿಂದಲೇ ಶುರು ಮಾಡುತ್ತಾರೆ. 18ನೇ ಶತಮಾನದ ಆರಂಭದಲ್ಲಿ ಸೋಂದೆಯ ಅರಸ ಬಸವಲಿಂಗ ಅದನ್ನು ಕಟ್ಟಿಸಿ ತನ್ನ ತಂದೆ ಸದಾಶಿವಲಿಂಗನ ಹೆಸರಿಟ್ಟ, ಊರಿಗೆ ಸದಾಶಿವಗಡ ಎಂಬ ಎರಡನೆಯ ಹೆಸರು ಬಂತು. ಅದಕ್ಕೂ ಎರಡು ಶತಮಾನ ಮೊದಲೇ ಪೋರ್ಚುಗೀಸರು ಕಾಳಿ ಅಳಿವೆಯ ಈ ಜಾಗವನ್ನು ಸಿಂತಾಕೋರಾ ಎಂದು ಬರೆದುಕೊಂಡಿದ್ದರು. ಸೋಂದೆಯವರು, ಪರಂಗಿಗಳು, ಹೈದರನ ದಂಡು, ಕಂಪನಿ ಸರಕಾರ, ಹೀಗೆ ಗುಡ್ಡ ಹತ್ತಿದವರ ಪಟ್ಟಿ ಪುಸ್ತಕಗಳಲ್ಲಿ ಸಿಗುತ್ತದೆ. ಗುಡ್ಡದ ಬುಡದಲ್ಲಿ ಕೂತು ಹಲಗೆಗೆ ತೂತು ಕೊರೆದವರ ಪಟ್ಟಿ ಯಾವ ಗೆಜೆಟಿಯರಿನಲ್ಲೂ ಇಲ್ಲ. ನಾನು ಆ ಪೈಕಿಯವನು. ಅಜ್ಜ ದೋಣಿ ಕಟ್ಟುವ ಆಚಾರಿ, ಅಪ್ಪ ಮನೆ ಕೆಲಸದ ಆಚಾರಿ. ನಾನು ಉಳಿ ಕೆಳಗಿಟ್ಟು ಹೆದ್ದಾರಿ ಬದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿಕೊಂಡವನು. ಡ್ರಿಲ್ ಮಷೀನು ಮಾರುತ್ತೇನೆ, ಬಾಡಿಗೆಗೆ ಕೊಡುತ್ತೇನೆ, ಕೆಟ್ಟರೆ ಬಿಚ್ಚಿ ನೋಡುತ್ತೇನೆ.

ಗಲ್ಲೆಯ ಮುಂದೆ ಈಗ ದಿನಬೆಳಗಾದರೆ ಒಂದೇ ಚರ್ಚೆ. ಬ್ಯಾಟರಿ ಮಷೀನುಗಳಲ್ಲಿ ನಾಲ್ಕು ಕೆಲಸದ್ದು ಅಂತ ಒಂದು ಬಂದಿದೆ. ಒಂದು ಬಳೆ ತಿರುಗಿಸಿದರೆ ಮರಕ್ಕೆ ತೂತು ಕೊರೆಯುವ ಡ್ರಿಲ್, ಇನ್ನೊಂದು ಗುರುತಿಗೆ ತಂದರೆ ಗೋಡೆಗೆ ಕುಟ್ಟುವ ಹ್ಯಾಮರ್, ಮತ್ತೊಂದಕ್ಕೆ ಸ್ಕ್ರೂ ಬಿಗಿಯುವ ಡ್ರೈವರ್, ಕೊನೆಯದಕ್ಕೆ ಇಂಪ್ಯಾಕ್ಟ್. ಇದು ಬೇಕೋ, ಬೇರೆ ಬೇರೆ ಎರಡು ಮಷೀನು ಬೇಕೋ ಎಂಬುದರ ಮೇಲೆ ನನ್ನ ಗಿರಾಕಿಗಳಲ್ಲಿ ಎರಡು ಪಕ್ಷಗಳಾಗಿವೆ. ಪಂಚಾಯ್ತಿ ಚುನಾವಣೆಯಲ್ಲೂ ಇಷ್ಟು ನಿಷ್ಠೆ ಕಂಡದ್ದಿಲ್ಲ. ಆದರೆ ಈ ಜಗಳ ಬ್ಯಾಟರಿಯಿಂದ ಹುಟ್ಟಿದ್ದಲ್ಲ. ತೂತು ಕೊರೆಯಲು ಎಷ್ಟು ಜನ ಬೇಕು ಎಂಬ ಹಳೆಯ ಪ್ರಶ್ನೆಯೇ ಹೊಸ ವೇಷದಲ್ಲಿ ಬಂದಿದೆ.

ನಮ್ಮ ಕಡಲಿನ ದೋಣಿಗೆ ಮೊದಲು ಮೊಳೆ ಇರಲಿಲ್ಲ. ಹಲಗೆಗೆ ಹಲಗೆ ತಾಗಿಸಿ ಇಟ್ಟು, ಎರಡರ ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಸಂದಿಗೆ ನಾರು ತುಂಬಿ, ಹೊಲಿಗೆ ಬಿಗಿದು, ತೂತಿಗೆ ಬೆಣೆ ಹೊಡೆದು, ರಾಳ ಮತ್ತು ಎಣ್ಣೆ ಬಳಿದರೆ ದೋಣಿ ನೀರಿಗಿಳಿಯುತ್ತಿತ್ತು. 14ನೇ ಶತಮಾನದಲ್ಲಿ ನಮ್ಮ ಜಿಲ್ಲೆಯ ಹೊನ್ನಾವರದಲ್ಲಿ ಸುಲ್ತಾನನ ಆಶ್ರಯದಲ್ಲಿದ್ದು ಹೋದ ಇಬ್ನ್ ಬತೂತಾ ಇದರ ಕಾರಣವನ್ನೂ ಹೇಳಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ. ಅಲೆಯ ಮೇಲಿಂದ ನೇರ ಮರಳಿಗೆ ನುಗ್ಗಬೇಕಾದ ದೋಣಿಗೆ ಆ ಬಳುಕು ಬೇಕೇ ಬೇಕು. ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರು ಗ್ರಂಥ ಮಾತ್ರ ಬೇರೆ ಕಾರಣ ಕೊಡುತ್ತದೆ. ಸಮುದ್ರದಲ್ಲಿ ಅಯಸ್ಕಾಂತದ ಬಂಡೆಗಳಿವೆ, ಕಬ್ಬಿಣ ಬಳಸಿದರೆ ಹಡಗನ್ನು ಎಳೆದುಕೊಳ್ಳುತ್ತವೆ ಅಂತ. ಪಂಡಿತರು ಉಪ್ಪುನೀರಿನಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಬಂಡೆ ಹುಡುಕುವ ಕಷ್ಟ ತಪ್ಪುತ್ತಿತ್ತು. ತುಕ್ಕೊಂದೇ ಸಾಕು ಕಬ್ಬಿಣವನ್ನು ತಿನ್ನಲು.

ಹೊಲಿಗೆ ಎಂದ ಮೇಲೆ ತೂತು. ದಂಡೆಯಿಂದ ಎಳೆಯುವ ರಂಪಣಿ ಬಲೆಯ ಒಂದು ದೋಣಿಗೆ ಎಷ್ಟು ತೂತು ಬೀಳುತ್ತಿದ್ದವು ಎಂದು ಯಾರೂ ಎಣಿಸುತ್ತಿರಲಿಲ್ಲ. ಎಣಿಸಿದರೆ ಕೆಲಸಕ್ಕೆ ಕೈ ಬರುತ್ತಿರಲಿಲ್ಲ. ಕೊರೆಯುತ್ತಿದ್ದದ್ದು ಬೈರಿಗೆಯಲ್ಲಿ.

ಬೈರಿಗೆ ನೋಡದವರಿಗಾಗಿ ಸ್ವಲ್ಪ ವಿವರ. ಮೊಳದುದ್ದದ ಉರುಟು ಮರದ ಕಡ್ಡಿ, ಕೆಳತುದಿಗೆ ಚಪ್ಪಟೆ ಉಕ್ಕಿನ ಅಲಗು, ಮೇಲ್ತುದಿಗೆ ಕರಟದ್ದೋ ಮರದ್ದೋ ಒಂದು ಸಡಿಲ ಟೊಪ್ಪಿಗೆ. ಕಡ್ಡಿಯ ನಡುವಿಗೆ ಹಗ್ಗ ಸುತ್ತಬೇಕು. ಚಿಕ್ಕ ಬೈರಿಗೆಯಾದರೆ ಹಗ್ಗದ ಎರಡು ತುದಿಯನ್ನು ಬಿಲ್ಲಿಗೆ ಕಟ್ಟಿ ಒಬ್ಬನೇ ಗರಗಸದ ಹಾಗೆ ಆಡಿಸುತ್ತಾನೆ. ದೋಣಿಯ ದಪ್ಪ ಹಲಗೆಗೆ ಅದು ಸಾಲದು. ಆಚಾರಿ ಟೊಪ್ಪಿಗೆಯ ಮೇಲೆ ಎರಡೂ ಅಂಗೈ ಊರಿ ನಿಲ್ಲುತ್ತಾನೆ, ಎದುರಿಗೆ ಕುಕ್ಕರಗಾಲಲ್ಲಿ ಕೂತ ಇನ್ನೊಬ್ಬ ಹಗ್ಗದ ಎರಡು ತುದಿ ಹಿಡಿದು ಬಲಕ್ಕೊಮ್ಮೆ ಎಡಕ್ಕೊಮ್ಮೆ ಎಳೆಯುತ್ತಾನೆ. ಅಲಗು ಮುಂದಕ್ಕೂ ಹಿಂದಕ್ಕೂ ತಿರುಗುವುದರಿಂದ ಅದನ್ನು ಎರಡು ಕಡೆಗೂ ಕೊಯ್ಯುವಂತೆ ಮಸೆದಿರುತ್ತಾರೆ. ಈಗಿನ ಡ್ರಿಲ್ ಬಿಟ್ಟು ಒಂದೇ ದಿಕ್ಕಿಗೆ ಕೊಯ್ಯುತ್ತದೆ, ಉಲ್ಟಾ ತಿರುಗಿದರೆ ಬರೀ ಉಜ್ಜುತ್ತದೆ.

ಆ ಹಗ್ಗದ ತುದಿಯಲ್ಲಿ ಕೂರುತ್ತಿದ್ದವರು ಹುಡುಗರು. ಮಗ, ಸೋದರಳಿಯ, ನೆರೆಮನೆಯವನು. ಅಜ್ಜನ ಕೊನೆಯ ದೋಣಿಗಳಿಗೆ ನಾನೂ ಎಳೆದಿದ್ದೇನೆ. ಹೆಬ್ಬಲಸಿನ ಹಲಗೆಗೆ ಅಲಗು ಇಳಿಯುವಾಗ ಹಳದಿ ಪುಡಿ ಬರುತ್ತದೆ, ಹಸಿ ವಾಸನೆ ಬರುತ್ತದೆ, ಹಗ್ಗ ಬಿಸಿಯಾಗುತ್ತದೆ. ಆಚೆ ಮೈ ಹತ್ತಿರ ಬಂದಾಗ ಸದ್ದು ಬದಲಾಗುತ್ತದೆ. ತುಂಬಿದ ಕೊಡದ ಸದ್ದು ಖಾಲಿ ಕೊಡದ್ದಾಗುತ್ತದೆ. ಆಗ ಅಜ್ಜ ಅಂಗೈಯ ಭಾರ ತೆಗೆಯುತ್ತಿದ್ದ, "ಹಗೂರ" ಎನ್ನುತ್ತಿದ್ದ. ಎಳೆತ ನಿಧಾನ ಮಾಡದಿದ್ದರೆ ಆಚೆ ಮೈಯಲ್ಲಿ ಸಿಬಿರೆದ್ದು ಹಲಗೆಯೇ ಹಾಳು. ಹೊಲಿಗೆಯ ಹುರಿ ಆ ಸಿಬಿರಿಗೆ ತಾಗಿ ಸವೆಯುತ್ತದೆ. ಕೆಲವು ವಾರ ಎಳೆದ ಹುಡುಗನಿಗೆ ಅಜ್ಜ "ಹಗೂರ" ಎನ್ನುವ ಮೊದಲೇ ಕೈ ನಿಧಾನವಾಗುತ್ತಿತ್ತು. ಹಾಗೆ ಆದ ದಿನದಿಂದ ಆ ಹುಡುಗನಿಗೆ ಅಲಗು ಮಸೆಯಲು ಕೊಡುತ್ತಿದ್ದರು. ನಮ್ಮ ಕಸುಬಿನಲ್ಲಿ ಪರೀಕ್ಷೆ ಎಂದರೆ ಅಷ್ಟೇ.

ಈ ಉಪಕರಣ ಎಷ್ಟು ಹಳೆಯದೆಂದರೆ ದೋಣಿಗಿಂತ ಮೊದಲು ಹಲ್ಲು ಕೊರೆದಿದೆ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸಿಕ್ಕ ಏಳೂವರೆಯಿಂದ ಒಂಬತ್ತು ಸಾವಿರ ವರ್ಷದ ಅಸ್ಥಿಪಂಜರಗಳಲ್ಲಿ ಒಂಬತ್ತು ಜನರ 11 ದವಡೆ ಹಲ್ಲುಗಳಿಗೆ ಚಕಮಕಿ ಕಲ್ಲಿನ ಮೊನೆಯಿಂದ ತೂತು ಹಾಕಿದ್ದು ಕಂಡುಬಂತು. 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮಣಿ ಕೊರೆಯುವವರ ಬಿಲ್ಲು ಬೈರಿಗೆಯೇ ಹಲ್ಲಿಗೂ ಬಂದಿರಬೇಕು ಎಂಬುದು ಸಂಶೋಧಕರ ಊಹೆ. ಹರಪ್ಪದವರು ಉದ್ದನೆಯ ಕಾರ್ನೀಲಿಯನ್ ಮಣಿಗೆ ತೂತು ಹಾಕಲು ದಿನಗಟ್ಟಲೆ ಕೂರುತ್ತಿದ್ದರು. ಅವರ ಎದುರಿಗೂ ಒಬ್ಬ ಹುಡುಗ ಕೂತಿದ್ದನೆಂದೇ ನನ್ನ ನಂಬಿಕೆ.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ ಕಾರವಾರ ಜಿಲ್ಲಾ ಕೇಂದ್ರವಾಯಿತು. ನದಿಯಾಚೆ ಕಚೇರಿ, ಬಂಗಲೆ, ಕೋರ್ಟು ಎದ್ದವು. ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ತರುಣ ರವೀಂದ್ರನಾಥ ಟಾಗೋರರು ಬಂದು ತಂಗಿದ್ದೂ ಈ ಕಾಲದಲ್ಲೇ. ಅವರು ಕಾಳಿಯಲ್ಲಿ ದೋಣಿಯೇರಿ ಹೋದದ್ದನ್ನು ಎಲ್ಲರೂ ಹೇಳುತ್ತಾರೆ, ದೋಣಿ ಯಾರು ಕಟ್ಟಿದ್ದು ಎಂದು ಯಾರೂ ಕೇಳುವುದಿಲ್ಲ. ಇರಲಿ. ಬಂಗಲೆಗಳ ಜೊತೆ ಬಂದದ್ದು ತಿರುಪು ಮೊಳೆ, ಅಂದರೆ ಸ್ಕ್ರೂ. ಮೊನೆಯಿರುವ ಮರಗೆಲಸದ ಸ್ಕ್ರೂವನ್ನು ಯಂತ್ರದಲ್ಲಿ ಲಕ್ಷಗಟ್ಟಲೆ ತಯಾರಿಸುವುದನ್ನು ಬರ್ಮಿಂಗ್‌ಹ್ಯಾಮಿನ ನೆಟಲ್‌ಫೋಲ್ಡ್ ಕಾರ್ಖಾನೆ 1850ರ ದಶಕದಲ್ಲಿ ಆರಂಭಿಸಿತ್ತು. ಮುಂದೆ ಹೌರಾದ ಗೆಸ್ಟ್ ಕೀನ್ ವಿಲಿಯಮ್ಸ್ ಕಂಪನಿ ಅದೇ ಹೆಸರಿನ ಸ್ಕ್ರೂ ಇಲ್ಲೇ ಮಾಡಿತು. ಅಪ್ಪನ ಕಾಲದ ಆಚಾರಿಗಳು ಸಾಗವಾನಿ ಕಿಟಕಿಗೆ ಬೇರೆ ಸ್ಕ್ರೂ ಮುಟ್ಟುತ್ತಿರಲಿಲ್ಲ.

ಸ್ಕ್ರೂ ಬಂದ ಮೇಲೆ ತೂತಿನ ಸ್ವಭಾವವೇ ಬದಲಾಯಿತು. ಹೊಲಿಗೆಯ ತೂತು ಆಚೆಗೆ ಹಾಯಬೇಕು, ಸ್ಕ್ರೂವಿನ ತೂತು ನಡುವೆಯೇ ನಿಲ್ಲಬೇಕು. ಅದಕ್ಕೆ ಹಗ್ಗ ಬೇಡ, ಕೈಯಲ್ಲಿ ತಿರುಗಿಸುವ ಬ್ರೇಸು ಸಾಕು, ಗಿರ್ಮಿಟ್ಟು ಸಾಕು. ಹೀಗೆ ಎದುರಿನ ಹುಡುಗ ಮೊದಲ ಬಾರಿ ಎದ್ದು ಹೋದದ್ದು ವಿದ್ಯುತ್ತು ಬರುವುದಕ್ಕೂ ಮುಂಚೆ. ದೋಣಿಯವರಲ್ಲಿ ಮಾತ್ರ ಅವನು ಇನ್ನಷ್ಟು ಕಾಲ ಉಳಿದ. 1970ರ ದಶಕದ ನಡುವಿನಲ್ಲಿ ಯಂತ್ರದ ಪರ್ಸೀನ್ ಬಲೆಯ ಬೋಟುಗಳು ಬಂದು ದಂಡೆಯಲ್ಲಿ ನಿಂತು ಎಳೆಯುವ ರಂಪಣಿ ಸೋತಿತು, ಅದರ ಹೊಲಿದ ದೋಣಿಗೆ ಬೇಡಿಕೆ ನಿಂತಿತು. ಬಂದ ಹೊಸ ಬೋಟುಗಳಿಗೆ ಬೋಲ್ಟು, ಆಮೇಲಿನವಕ್ಕೆ ಫೈಬರ್. ಅಜ್ಜ ಬೈರಿಗೆಯ ಹಗ್ಗ ಬಿಚ್ಚಿ ಆಕಳಿಗೆ ಕಟ್ಟಿದ.

ವೈರಿನ ಡ್ರಿಲ್ ಮಷೀನು ನಮ್ಮ ಕಡೆ ಮನೆಮನೆಯ ಕೆಲಸಕ್ಕೆ ಬಂದದ್ದು ದೊಡ್ಡ ಯೋಜನೆಗಳ ಬಾಲ ಹಿಡಿದು. 1980ರ ದಶಕದಲ್ಲಿ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ತಾರಿ ನಿಂತು ಕಾಳಿ ಸೇತುವೆಯಾಯಿತು (2024ರ ಆಗಸ್ಟ್ 7ರ ನಡುರಾತ್ರಿ ಲಾರಿ ಸಮೇತ ಕುಸಿದದ್ದು ಅದೇ). 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, ಕಾರವಾರ ಅಂಕೋಲೆಯ ಎಷ್ಟೋ ಊರಿನವರು ನೆಲ ಬಿಟ್ಟು ಹೊಸ ಕಾಲೊನಿಗಳಲ್ಲಿ ಮನೆ ಕಟ್ಟಿಕೊಂಡರು. ಮೇಲೆ ಕೈಗಾದಲ್ಲಿ ಅಣು ಸ್ಥಾವರ, ಕದ್ರಾದಲ್ಲಿ ಆಣೆಕಟ್ಟು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಕಾರವಾರದ ಗುಡ್ಡದಲ್ಲೇ ಅದಕ್ಕೆ ಮೂರು ಕಿಲೋಮೀಟರಿಗೆ ಹತ್ತಿರದ ಸುರಂಗ ಕೊರೆದಿದ್ದಾರೆ. ನನ್ನ ಅಪ್ಪ ಅದನ್ನು ನೋಡಿ ಬಂದು, ಇದಕ್ಕೆ ಬೈರಿಗೆಯ ಹಗ್ಗ ಎಳೆದವರು ಯಾರು ಮಾರಾಯಾ ಎಂದು ಕೇಳಿದ್ದ. ಆ ಕೆಲಸಗಳಿಗೆ ಬಂದ ಗುತ್ತಿಗೆದಾರರ ಮಷೀನು, ಅವರು ಹೋಗುವಾಗ ಅರ್ಧ ಬೆಲೆಗೆ ಬಿಟ್ಟುಹೋದ ಮಷೀನು, ಇವುಗಳಿಂದಲೇ ನಮ್ಮ ಆಚಾರಿಗಳು ಟ್ರಿಗರ್ ಒತ್ತುವುದು ಕಲಿತರು.

ಪಿಸ್ತೂಲಿನ ಹಿಡಿ ಮತ್ತು ಟ್ರಿಗರ್ ಇರುವ ಆ ಆಕಾರಕ್ಕೂ ಒಂದು ಕತೆಯಿದೆ. ವಿದ್ಯುತ್ ಡ್ರಿಲ್ಲಿನ ಮೊದಲ ಪೇಟೆಂಟು 1889ರಲ್ಲಿ ಮೆಲ್ಬರ್ನಿನ ಆರ್ನಾಟ್ ಮತ್ತು ಬ್ರೈನ್ ಅವರದು, ಕೈಯಲ್ಲಿ ಹೊರುವಂಥದ್ದನ್ನು 1895ರಲ್ಲಿ ಜರ್ಮನಿಯ ಫೈನ್ ಸಹೋದರರು ಮಾಡಿದರು. ಅದನ್ನು ಎರಡು ಕೈಯಲ್ಲಿ ಎದೆಗೊತ್ತಿ ಹಿಡಿಯಬೇಕಿತ್ತು. ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್ ಕೋಲ್ಟ್ ಪಿಸ್ತೂಲು ನೋಡಿ ಹಿಡಿ ಇಟ್ಟು, 1917ರಲ್ಲಿ ಪೇಟೆಂಟು ಪಡೆದರು. ಅದೇ ಕಂಪನಿ 1961ರಲ್ಲಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ, ವೈರಿಲ್ಲದ ಡ್ರಿಲ್ ಮಾರಿತು. ಅಂಗಡಿಗೆ ಬರುವ ಕೆಲವು ವಿದ್ಯಾವಂತರು ಬ್ಯಾಟರಿ ಡ್ರಿಲ್ಲನ್ನು ನಾಸಾ ಚಂದ್ರನಿಗಾಗಿ ಕಂಡುಹಿಡಿದದ್ದು ಅನ್ನುತ್ತಾರೆ. ಅದು ಸುಳ್ಳು. ವೈರಿಲ್ಲದ ಡ್ರಿಲ್ ಮೊದಲು ಅಂಗಡಿಗೆ ಬಂತು, ಚಂದ್ರನಿಗೆ ಬೇಕಾದ್ದನ್ನು ಆಮೇಲೆ ಮಾಡಿದರು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಅಲ್ಲಿನ ನೆಲ ಕೊರೆಯುವಾಗ ಕೊಳವೆ ಸಿಕ್ಕಿಹಾಕಿಕೊಂಡು, ಹೊರಗೆಳೆಯಲು ಜೊತೆಗಾರ ಇರ್ವಿನ್ ಹೆಗಲು ಕೊಡಬೇಕಾಯಿತು. ಚಂದ್ರನ ಮೇಲೂ ಇಬ್ಬರೇ ಬೇಕಾದರು ನೋಡಿ.

ವೈರಿನ ಮಷೀನಿನೊಂದಿಗೆ ನಮ್ಮ ಹುಡುಗ ಮರಳಿ ಬಂದ. ಆದರೆ ಅವನ ಕೆಲಸ ಎಕ್ಸ್‌ಟೆನ್ಷನ್ ಬೋರ್ಡು ಹೊರುವುದು, ವೈರು ಬಿಡಿಸುವುದು, ಆಚಾರಿ ಏಣಿ ಹತ್ತಿದರೆ ಕೆಳಗೆ ಪ್ಲಗ್ ಕಾಯುವುದು. ಅದರಿಂದ ಯಾವ ಕಸುಬೂ ಕಲಿಯಲಾಗುವುದಿಲ್ಲ. ಕರೆಂಟು ಹೋದರೆ ಇಬ್ಬರೂ ಬೀಡಿ ಸೇದಿಕೊಂಡು ಕೂರಬೇಕು. 1987ರಲ್ಲಿ ಸೂಪಾ ಆಣೆಕಟ್ಟು ಮುಗಿಯಿತು, ಕಾಳಿಯ ಮೈಯುದ್ದಕ್ಕೂ ವಿದ್ಯುದಾಗಾರಗಳು ಎದ್ದವು. ಆದರೂ ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ನದಿಯ ಬಾಯಲ್ಲಿ ಕೂತ ನಮಗೆ ಕತ್ತಲೆ. ಬ್ಯಾಟರಿ ಮಷೀನಿಗೆ ಈ ಊರಿನಲ್ಲಿ ಸಿಕ್ಕ ಮನ್ನಣೆಗೆ ಅರ್ಧ ಕಾರಣ ಅದೇ.

ಮೊದಮೊದಲು ಬ್ಯಾಟರಿ ಡ್ರಿಲ್ ಬಂದದ್ದು ಗಲ್ಫಿನಿಂದ, ಸೂಟ್‌ಕೇಸಿನಲ್ಲಿ. ಆ ಕಾಲದ ನಿಕಲ್ ಬ್ಯಾಟರಿ ಪೂರ್ತಿ ಇಳಿಸದೆ ಚಾರ್ಜಿಗಿಟ್ಟರೆ ಹಟ ಹಿಡಿಯುತ್ತಿತ್ತು, ಕಪಾಟಿನಲ್ಲಿಟ್ಟರೆ ತಾನಾಗಿ ಇಳಿಯುತ್ತಿತ್ತು. 2005ರಲ್ಲಿ ಜಪಾನಿನ ಮಕೀಟಾ ಲೀಥಿಯಂ ಬ್ಯಾಟರಿಯ ಇಂಪ್ಯಾಕ್ಟ್ ಡ್ರೈವರ್ ತಂದಿತು, ಅಲ್ಲಿಂದ ಆಟವೇ ಬೇರೆ. ದುಬೈಯಿಂದ ಬರುವ ನಮ್ಮ ಹುಡುಗರಿಗೆ ಈಗ ಲೆಕ್ಕ ಬಾಯಿಪಾಠ. 18 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿ ಎಂದರೆ 90 ವ್ಯಾಟ್ ಅವರ್. ವಿಮಾನದಲ್ಲಿ ಹೆಚ್ಚಿನ ಮಾತಿಲ್ಲದೆ ಒಯ್ಯಲು ಮಿತಿ 100. 6 ಆಂಪಿಯರಿನದಾದರೆ 108, ಅದಕ್ಕೆ ವಿಮಾನ ಕಂಪನಿಯ ಅನುಮತಿ ಬೇಕು. ಬ್ಯಾಟರಿ ಕೈಚೀಲದಲ್ಲಿ, ಮಷೀನು ದೊಡ್ಡ ಪೆಟ್ಟಿಗೆಯಲ್ಲಿ. ಅದಲುಬದಲು ಮಾಡಿದವನು ವಿಮಾನ ನಿಲ್ದಾಣದಲ್ಲೇ ಯಾವುದೋ ಒಂದನ್ನು ಕಳೆದುಕೊಂಡು ಬರುತ್ತಾನೆ.

ಡ್ರಿಲ್ಲಿಗೂ ಇಂಪ್ಯಾಕ್ಟಿಗೂ ವ್ಯತ್ಯಾಸವೇನೆಂದು ಕೇಳಿದವರಿಗೆ ಕೆಟ್ಟ ಮಷೀನೊಂದನ್ನು ಬಿಚ್ಚಿ ತೋರಿಸುತ್ತೇನೆ. ಡ್ರಿಲ್ಲಿನಲ್ಲಿ ಮೋಟಾರು, ಗಿಯರು, ಕ್ಲಚ್ಚು, ಮುಂದೆ ಮೂರು ದವಡೆಯ ಚಕ್. ಕ್ಲಚ್ಚಿನ ಅಂಕಿ ಎಷ್ಟಿಟ್ಟಿರುತ್ತೀರೋ ಅಷ್ಟು ಬಿಗಿಯಾದ ಕೂಡಲೇ ಕಟಕಟ ಎಂದು ಕೈಬಿಡುತ್ತದೆ. ಇಂಪ್ಯಾಕ್ಟಿನಲ್ಲಿ ಗಟ್ಟಿ ಸ್ಪ್ರಿಂಗು, ಅದರ ಮುಂದೆ ಎರಡು ಕೊಂಬಿನ ಉಕ್ಕಿನ ಸುತ್ತಿಗೆ, ಅದರ ಮುಂದೆ ಅಡೆಗಲ್ಲು. ಸ್ಕ್ರೂ ಸಲೀಸಾಗಿ ಇಳಿಯುವವರೆಗೆ ಎರಡೂ ಒಟ್ಟಿಗೆ ತಿರುಗುತ್ತವೆ. ಮರ ತಡೆದ ಕೂಡಲೇ ಸುತ್ತಿಗೆ ಓರೆ ತೋಡಿನಲ್ಲಿ ಗೋಲಿಗಳ ಮೇಲೆ ಹಿಂದೆ ಜಾರಿ, ಕೊಂಬು ತಪ್ಪಿಸಿಕೊಂಡು, ಸ್ಪ್ರಿಂಗಿನ ಬಲಕ್ಕೆ ಮುಂದೆ ಚಿಮ್ಮಿ ಅಡೆಗಲ್ಲಿನ ಪಕ್ಕೆಗೆ ಹೊಡೆಯುತ್ತದೆ. ನಿಮಿಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಹೊಡೆತ. ಹೊಡೆತ ಬೀಳುವುದು ತಿರುಗುವ ದಿಕ್ಕಿಗೆ, ಆದ್ದರಿಂದ ಮಣಿಕಟ್ಟು ತಿರುಚುವುದಿಲ್ಲ. ಗೋಡೆಯ ಹ್ಯಾಮರ್ ಬೇರೆ, ಅದರ ಕುಟ್ಟು ಮುಂದಕ್ಕೆ. ಎರಡನ್ನೂ ಒಂದೇ ಎಂದು ತಿಳಿದು ಇಂಪ್ಯಾಕ್ಟಿನಲ್ಲಿ ಕಾಂಕ್ರೀಟು ಕೊರೆಯಲು ಹೋದವರು ವಾರಕ್ಕೊಬ್ಬರು ಬರುತ್ತಾರೆ. ಬಿಟ್ಟು ಕೆಂಪಗೆ ಸುಟ್ಟಿರುತ್ತದೆ, ಮುಖವೂ.

ಇನ್ನು ನಾಲ್ಕು ಕೆಲಸದ ಮಷೀನಿನ ಬಗ್ಗೆ ಬಳಸಿದವರ ಮಾತು. ಶೀಟು ಹೊದೆಸುವವನಿಗೆ ಅದು ದೇವರು. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಊರಿನ ತಾರಸಿಗಳಿಗೆಲ್ಲ ತಗಡಿನ ಮಾಡು ಏರುತ್ತದೆ. ಹಂಚು, ರೀಪು, ಪಕ್ಕಾಸಿನ ಕಾಲ ಹೋಗಿ ಕಬ್ಬಿಣದ ಪೈಪು ಮತ್ತು ತಾನೇ ಕೊರೆದುಕೊಳ್ಳುವ ಸ್ಕ್ರೂಗಳ ಕಾಲ ಬಂದಿದೆ. ಕಾದ ತಗಡಿನ ಮೇಲೆ ಒಂದು ಕೈಯಲ್ಲಿ ಪೈಪು ಹಿಡಿದು ಇನ್ನೊಂದರಲ್ಲಿ ಸ್ಕ್ರೂ ಹೊಡೆಯುವವನಿಗೆ ವೈರಿಲ್ಲದ್ದು ಎಂದರೆ ಜೀವ ಉಳಿದಂತೆ. ಆದರೆ ಇಂಪ್ಯಾಕ್ಟಿನಲ್ಲೇ ಕೊನೆಯವರೆಗೆ ಹೊಡೆದರೆ ಸ್ಕ್ರೂವಿನ ಕೆಳಗಿನ ರಬ್ಬರ್ ವಾಷರು ಚಪ್ಪಟೆಯಾಗಿ ಹೊರಗೆ ಬರುತ್ತದೆ, ಜೂನಿನಲ್ಲಿ ಅಲ್ಲಿಂದಲೇ ಸೋರುತ್ತದೆ. ಅನುಭವಿ ಕೊನೆಯ ಎರಡು ಸುತ್ತು ಉಳಿದಾಗ ಬಳೆ ತಿರುಗಿಸಿ ಡ್ರೈವರಿಗೆ ತರುತ್ತಾನೆ. ಅವಸರದವನು ತರುವುದಿಲ್ಲ. ಸೋರುವ ಮಾಡಿನ ಲೆಕ್ಕ ಅಷ್ಟೇ.

ಎಲೆಕ್ಟ್ರಿಷಿಯನ್ ಮೂಗು ಮುರಿಯುತ್ತಾನೆ. ನಮ್ಮ ಗೋಡೆ ಚಿರೆಕಲ್ಲಿನದು. ಅದಕ್ಕೆ ಕುಟ್ಟಿದರೆ ತೂತು ಬಾಯಿಬಿಟ್ಟು ಪ್ಲಗ್ ಸಡಿಲವಾಗುತ್ತದೆ, ಕುಟ್ಟದೆ ಬರೀ ಕೊರೆಯಬೇಕು. ಕಿಟಕಿಯ ಮೇಲಿನ ಕಾಂಕ್ರೀಟು ಲಿಂಟಲ್ಲಿಗೆ ಮಾತ್ರ ಕುಟ್ಟಬೇಕು, ಆದರೆ ಅಲ್ಲಿ ಈ ಮಷೀನಿನ ಕುಟ್ಟು ಸಾಲದು, ದೊಡ್ಡ ರೋಟರಿ ಹ್ಯಾಮರೇ ಬೇಕು. "ನಾಲ್ಕರಲ್ಲಿ ಒಂದು ನಮ್ಮ ಮನೆಗೆ ಬೇಡ, ಬೇಕಾದಲ್ಲಿ ಅದಕ್ಕೆ ತಾಕತ್ತಿಲ್ಲ" ಎಂದು ಅವನ ತೀರ್ಪು. ಅಡುಗೆಮನೆಯ ಪ್ಲೈವುಡ್ ಪೆಟ್ಟಿಗೆ ಮಾಡುವ ರಾಜಸ್ಥಾನದ ಕೆಲಸಗಾರರದು ಇನ್ನೊಂದು ತಕರಾರು: ಮಷೀನು ಉದ್ದ, ಪೆಟ್ಟಿಗೆಯ ಮೂಲೆಗೆ ಹೋಗುವುದಿಲ್ಲ. ಅವರ ಸೊಂಟದಲ್ಲಿ 12 ವೋಲ್ಟಿನ ಎರಡು ಚಿಕ್ಕ ಮಷೀನು ಸದಾ ತೂಗುತ್ತಿರುತ್ತವೆ.

ಫೈಬರ್ ದೋಣಿ ದುರಸ್ತಿಯವನು ದಂಡೆಯಲ್ಲಿ ಕರೆಂಟಿಲ್ಲದ ಕಡೆ ಇದನ್ನೇ ನೆಚ್ಚಿದ್ದಾನೆ. ಆದರೆ ಸಂಜೆ ಸೀಮೆಎಣ್ಣೆ ಬಟ್ಟೆಯಲ್ಲಿ ಚಕ್ ಒರೆಸದಿದ್ದರೆ ಬೆಳಿಗ್ಗೆ ದವಡೆ ಕಚ್ಚಿಕೊಂಡಿರುತ್ತದೆ. ಬಳೆ, ಗುಂಡಿ, ಸಂದು ಹೆಚ್ಚಿದ್ದಷ್ಟೂ ಉಪ್ಪಿಗೆ ಹೊಕ್ಕಲು ದಾರಿ ಹೆಚ್ಚು. ನನ್ನ ಅತ್ತಿಗೆ ಮಾತ್ರ ಯಾವ ಪಕ್ಷಕ್ಕೂ ಸೇರಿಲ್ಲ. ಪರದೆಯ ಸರಳು, ದೇವರ ಫೋಟೊ, ಕಳಚಿದ ಬಾಗಿಲ ಚಿಲಕ, ಎಲ್ಲ ತಾನೇ ಮಾಡಿಕೊಳ್ಳುತ್ತಾಳೆ. "ಭಾವ, ಇದರ ತೂಕ ಅರ್ಧ ಮಾಡುವವನು ಹುಟ್ಟಿದಾಗ ಹೇಳಿ" ಎನ್ನುತ್ತಾಳೆ. ಮೊದಲು ಒಂದು ಮೊಳೆಗೆ ಆಚಾರಿಯ ಮನೆಬಾಗಿಲಿಗೆ ಮೂರು ಸಲ ಹೇಳಿಕಳಿಸಬೇಕಿದ್ದವಳು ಅವಳು. ಯಂತ್ರದಿಂದ ಕಸುಬು ಕೆಟ್ಟಿತು ಎನ್ನುವವರು ಅವಳನ್ನೂ ಒಂದು ಮಾತು ಕೇಳಬೇಕು.

ನನ್ನ ಸೋದರಮಾವ ಹಳೆಯ ಆಚಾರಿ. ಅವರ ದೂರು ಎಲ್ಲಕ್ಕಿಂತ ಬೇರೆ: ಮರದ ಸದ್ದು ಕೇಳಿಸುವುದಿಲ್ಲ. ಇಂಪ್ಯಾಕ್ಟಿನ ಕಟಕಟ ಸದ್ದಿನಲ್ಲಿ ಮರ ಸೀಳುವುದು ಕಿವಿಗೆ ಬೀಳುವ ಹೊತ್ತಿಗೆ ಸೀಳಿಯಾಗಿರುತ್ತದೆ. ಅದರಲ್ಲೂ ಹಿತ್ತಾಳೆ ಸ್ಕ್ರೂ. ಸಮುದ್ರದ ಗಾಳಿಗೆ ಸಾಗವಾನಿ ಬಾಗಿಲಿಗೆ ಹಿತ್ತಾಳೆಯೇ ಬೇಕು, ಇಂಪ್ಯಾಕ್ಟಿಗೆ ಅದು ಕುತ್ತಿಗೆಯಲ್ಲೇ ಮುರಿಯುತ್ತದೆ. ಮಾವ ಮಾಡುವ ರೀತಿ ಹೀಗೆ: ಮೊದಲು ಸ್ಕ್ರೂವಿನ ಸುತ್ತುಗಳ ಒಳಗಿನ ಕಡ್ಡಿಯಷ್ಟು ದಪ್ಪದ ಬಿಟ್ಟಿನಲ್ಲಿ ತೂತು, ಆಮೇಲೆ ಅದೇ ಅಳತೆಯ ಉಕ್ಕಿನ ಸ್ಕ್ರೂ ಹೊಡೆದು ಮರದಲ್ಲಿ ಸುತ್ತಿನ ಗೀರು ಮೂಡಿಸುವುದು, ಅದನ್ನು ತೆಗೆದು ಹಿತ್ತಾಳೆಯದಕ್ಕೆ ಸೋಪು ಸವರಿ ಕೈಯ ಡಿಸ್ಮಿಸ್ಸಿನಲ್ಲಿ, ಅಂದರೆ ಸ್ಕ್ರೂಡ್ರೈವರಿನಲ್ಲಿ, ಬಿಗಿಯುವುದು. ಸ್ಕ್ರೂಗಳ ತಲೆಯ ಗೀರು ಒಂದೇ ದಿಕ್ಕಿಗೆ ನಿಲ್ಲಬೇಕು. ಆ ಬಾಗಿಲು ಇಪ್ಪತ್ತು ವರ್ಷದ ಮೇಲೂ ಬಿಚ್ಚಬಹುದು.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹೊಲಿದ ಹಡಗನ್ನು ನೌಕಾಪಡೆಗೆ ಸೇರಿಸಿದರು. ಅಜಂತಾದ ಚಿತ್ರವೊಂದನ್ನು ನೋಡಿ, ಕೇರಳದ ಬಾಬು ಶಂಕರನ್ ಅವರ ತಂಡ ಗೋವೆಯಲ್ಲಿ ಮೊಳೆಯಿಲ್ಲದೆ ನಾರಿನ ಹುರಿಯಲ್ಲಿ ಹೊಲಿದದ್ದು. ಹಾಯಿಯ ಮೇಲೆ ಗಂಡಭೇರುಂಡ. ಅದೇ ವರ್ಷ ಡಿಸೆಂಬರ್ 29ಕ್ಕೆ ಪೋರಬಂದರಿನಿಂದ ಹೊರಟು ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಪೇಪರಿನ ಫೋಟೊ ನೋಡುತ್ತ ನನ್ನ ಅಂಗಡಿಯ ಬೆಂಚಿನ ಮೇಲೆ ಒಂದು ಇಡೀ ಮಧ್ಯಾಹ್ನ ಕಳೆಯಿತು. ಎಲ್ಲರೂ ಹಾಯಿ ನೋಡಿದರೆ ಮಾವ ಕನ್ನಡಕ ಏರಿಸಿ ಹಲಗೆಯ ಅಂಚು ನೋಡಿದರು. "ತೂತಿನ ಸಾಲು ಸಮ ಇದೆ, ಎದುರು ಕೂತವನು ಒಳ್ಳೆಯವನು" ಅಂದರು. ಅದನ್ನು ಕೊರೆದದ್ದು ಯಾವುದರಲ್ಲಿ ಎಂದು ಅವರು ಕೇಳಲೇ ಇಲ್ಲ.

ಹಗ್ಗ ಎಳೆಯುವ ಹುಡುಗನ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಕೂಲಿ ಇರಲಿಲ್ಲ, ಊಟವಿತ್ತು, ಬೈಗುಳ ಧಾರಾಳವಿತ್ತು. ಅಪ್ಪ ಅಜ್ಜನ ಕೈಯಲ್ಲಿ ತಿಂದ ಪೆಟ್ಟಿಗೆ ಸೌದೆಯೇ ಸಾಕ್ಷಿ. ಈಗ ನಮ್ಮ ಕೇರಿಯ ಹುಡುಗರು ಬೆಳಗಿನ ಬಸ್ಸಿಗೆ ಕಾಣಕೋಣ, ಮಡಗಾಂವಿಗೆ ಹೋಗುತ್ತಾರೆ, ನೇವಲ್ ಬೇಸಿನ ಗುತ್ತಿಗೆಗೆ ಹೋಗುತ್ತಾರೆ, ತಿಂಗಳಿಗೆ ಪಗಾರ ತರುತ್ತಾರೆ. ಎರಡು ವರ್ಷ ಹಗ್ಗ ಎಳೆಯಲು ಯಾರು ಕೂತಾರು? ಆದರೆ ಬ್ಯಾಟರಿ ಮಷೀನು ಬಂದು ವೈರು ಹೊರುವ ಹುಡುಗನೂ ಬೇಡವಾದ ಮೇಲೆ, ನಮ್ಮ ಊರಿನ ಆಚಾರಿಗಳು ಒಬ್ಬೊಬ್ಬರೇ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿ ಬರುವುದನ್ನು ಅಂಗಡಿಯಿಂದ ನೋಡುತ್ತಿದ್ದೇನೆ. ನಾಲ್ಕು ಕೆಲಸದ ಮಷೀನನ್ನು ಹೆಚ್ಚಾಗಿ ಒಯ್ಯುವವರು ಅವರೇ. ಒಂಟಿ ಮನುಷ್ಯನಿಗೆ ಬಳೆ ತಿರುಗಿಸುವುದೇ ಸಲೀಸು.

ಯಾವುದು ಕೊಳ್ಳಲಿ ಎಂದು ಕೇಳಿದರೆ ಮನೆಬಳಕೆಯವರಿಗೆ ನಾನೂ ನಾಲ್ಕು ಕೆಲಸದ್ದನ್ನೇ ಕೊಡುತ್ತೇನೆ. ಬ್ಯಾಟರಿ ಮಾತ್ರ ಎರಡು ತಗೊಳ್ಳಿ, ಮಳೆಗಾಲದಲ್ಲಿ ಪೂರ್ತಿ ಇಳಿಸಿ ಮೂಲೆಗೆ ಎಸೆಯಬೇಡಿ, ಅರ್ಧ ಚಾರ್ಜಿಟ್ಟು ಒಣ ಡಬ್ಬಿಯಲ್ಲಿಡಿ, ಬೇಸಿಗೆಯಲ್ಲಿ ಗಾಡಿಯ ಡಿಕ್ಕಿಯಲ್ಲಿ ಬಿಡಬೇಡಿ ಎನ್ನುತ್ತೇನೆ. ಕಸುಬಿನವರಿಗೆ ಬೇರೆ ಬೇರೆ ಎರಡು ತಗೊಳ್ಳಿ ಅನ್ನುತ್ತೇನೆ, ಒಂದು ಡ್ರಿಲ್, ಒಂದು ಇಂಪ್ಯಾಕ್ಟ್. ಎರಡು ಮಾರಿದರೆ ನನಗೆ ಲಾಭ ಎಂದು ನಗುವವರಿದ್ದಾರೆ, ಅದೂ ನಿಜವೇ. ಮಾಜಾಳಿಯ ಕಡೆ ಒಂದು ಮನೆಯ ಕೆಲಸಕ್ಕೆ ಹೀಗೆ ಜೋಡಿ ಒಯ್ದ ಆಚಾರಿಯೊಬ್ಬರಿಗೆ ಡ್ರಿಲ್ಲಿನ ಬಿಟ್ಟುಗಳನ್ನು ಕೊಡಲು ಹೋಗಿದ್ದೆ. ಅವರು ಮುಂದೆ ಮುಂದೆ ಚೌಕಟ್ಟಿಗೆ ತೂತು ಕೊರೆಯುತ್ತಿದ್ದರು, ಹಿಂದಿನಿಂದ ತಂಗಿಯ ಮಗ ಇಂಪ್ಯಾಕ್ಟ್ ಹಿಡಿದು ಸ್ಕ್ರೂ ಇಳಿಸುತ್ತ ಬರುತ್ತಿದ್ದ. ಹುಡುಗ ಟ್ರಿಗರನ್ನು ಪೂರ್ತಿ ಒತ್ತಿಯೇ ಹಿಡಿದಿದ್ದ. ಆಚಾರಿ ತಿರುಗಿ ನೋಡದೆಯೇ "ಹಗೂರ" ಎಂದರು.